ರೋಸ್ಮರಿ ಕುಂಡದ ಕೆಳಗಿನ ನೀರು

ನಮ್ಮಮ್ಮ ಬದುಕಿದ್ದಾಗ ನನ್ನನ್ನು ಸಂಶಯ ಪಿಶಾಚಿ ಎಂದೇ ಕರೆಯುತ್ತಿದ್ದಳು. ಮೈಸೂರಿನಲ್ಲಿ ಹಾಲಿನವನು ಹಾಲು ಹಾಕಿ ಬೆನ್ನು ತಿರುಗಿಸುವ ಮೊದಲೇ ನಾನು ಪಾತ್ರೆಗೆ ಬೆರಳದ್ದಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು, ಅದು ಎಷ್ಟು ಬೇಗ ಜಾರುತ್ತದೆ ಎಂದು ನೋಡುತ್ತಿದ್ದೆ. ಆಗಿನ್ನೂ ಲಂಗ ಹಾಕುವ ವಯಸ್ಸು. ಆ ಬುದ್ಧಿ ನನ್ನ ಜೊತೆಯೇ ಸಿಡ್ನಿಗೆ ಬಂತು, ಅಲ್ಲಿಂದ ಮೆಲ್ಬರ್ನಿಗೂ ಬಂತು. ಇಲ್ಲಿ ಹಾಲು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸೀಲ್ ಆಗಿ ಸಿಗುವುದರಿಂದ ಉಗುರಿಗೆ ಕೆಲಸವಿಲ್ಲ. ಕಣ್ಣಿಗಂತೂ ಇದೆ.

ಹಾಗಾಗಿ, ಮೆಲ್ಬರ್ನಿನ ಅಂಚಿನ ಟಾರ್ನೀಟ್‌ನ ನಮ್ಮ ಮನೆಯ ಹಿತ್ತಲಲ್ಲಿ, ಇಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳ ಒಂದು ಶನಿವಾರ, ರೋಸ್ಮರಿ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿರುವುದನ್ನು ಕಂಡಾಗ ನಾನು ಸುಮ್ಮನೆ ಒಳಗೆ ಬರಲಿಲ್ಲ. ಆ ವಾರ ಮಳೆ ಬಂದಿರಲಿಲ್ಲ. ನಾನು ನೀರು ಹಾಕಿ ಬಹಳ ದಿನವಾಗಿತ್ತು. ಬೇಕೆಂದೇ ಹಾಕಿರಲಿಲ್ಲ. ಇಲ್ಲಿಯವರು ಮಾಂಸದ ಅಡುಗೆಗೆ ಹಾಕುವ ಈ ಘಮದ ಗಿಡ, ರೋಸ್ಮರಿ, ಗಟ್ಟಿ ಜೀವ. ಮೆಲ್ಬರ್ನಿನ ಚಳಿಗೆ, ಬೆಳಗಿನ ಹಿಮಕ್ಕೆ, ಈ ಬಯಲಿನ ಕೊರೆಯುವ ಗಾಳಿಗೆ ಅದು ಜಗ್ಗುವುದಿಲ್ಲ. ಆದರೆ ಚಳಿಯಲ್ಲಿ ಬೇರು ಒದ್ದೆಯಾಗಿದ್ದರೆ ಕೊಳೆತು ಸಾಯುತ್ತದೆ. ಮಣ್ಣು ಪೂರ್ತಿ ಒಣಗುವವರೆಗೆ ಹನಿ ನೀರೂ ಮುಟ್ಟಿಸಬಾರದು. ಇದನ್ನು ತಿಳಿದುಕೊಂಡು ಕುಂಡವನ್ನು ಒಣಗಿಸಿಟ್ಟಿದ್ದ ನನಗೆ ಗೊತ್ತಿಲ್ಲದಂತೆ ಯಾರೋ ಅದಕ್ಕೆ ನೀರುಣಿಸುತ್ತಿದ್ದರು.

ಒಂದು ಗಿಡಕ್ಕೆ ಇಷ್ಟು ರಾದ್ಧಾಂತವೇ ಎನ್ನಬಹುದು. ಆ ಗಿಡದ ಮೇಲೆ ನಮ್ಮ ಅತ್ತೆ ಈ ಮನೆಯಲ್ಲಿ ಇರುವುದೋ ಬಿಡುವುದೋ ನಿಂತಿತ್ತು. ಅದನ್ನು ಮೊದಲಿನಿಂದ ಹೇಳಬೇಕು.

ಸಿಡ್ನಿಯಲ್ಲಿ ನಾವು ಗಿರಾವೀನ್‌ನ ಒಂದು ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೆವು. ಮಗಳು ಹುಟ್ಟಿದಾಗ ಬಂದ ಅತ್ತೆ ವೀಸಾ ಕೈಗೂಡಿದ ಮೇಲೆ ನಮ್ಮ ಜೊತೆಯೇ ಉಳಿದರು. ಅತ್ತೆ ಸೊಸೆಯನ್ನು ಹತ್ತಿರ ತಂದದ್ದು ಪ್ರೀತಿ, ವಿಶ್ವಾಸ ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ನಮ್ಮನ್ನು ಹತ್ತಿರ ತಂದದ್ದು ಅನುಮಾನ. ಅವರೂ ನನ್ನ ಜಾತಿಯವರೇ ಎಂಬುದು ಇಂಡಿಯನ್ ಅಂಗಡಿಗೆ ಮೊದಲ ಸಲ ಜೊತೆಯಲ್ಲಿ ಹೋದಾಗ ಗೊತ್ತಾಯಿತು. ನಾನು ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ನಡುವೆ ಕೊಳೆತ ಕಡ್ಡಿ ಸೇರಿಸಿದ್ದಾರೋ ಎಂದು ನೋಡುತ್ತಿದ್ದರೆ, ಅವರು ಪಕ್ಕದಲ್ಲಿ ಉದ್ದಿನಬೇಳೆ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಹುಳು ಹುಡುಕುತ್ತಿದ್ದರು. ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಂದಿನಿಂದ ಪಾಯಸಕ್ಕೆ ಕರೆದ ಆಂಟಿಯ ಉದ್ದೇಶವೇನು, ರಿಯಲ್ ಎಸ್ಟೇಟ್ ಏಜೆಂಟ್ ಯಾಕೆ ಅಷ್ಟು ನಗುತ್ತಾನೆ ಎಂದು ರಾತ್ರಿ ಪಾತ್ರೆ ತೊಳೆಯುವಾಗ ಇಬ್ಬರೂ ಸೇರಿ ಜರಡಿ ಹಿಡಿಯುತ್ತಿದ್ದೆವು. ಅವರ ಮಗ, ಮೊಮ್ಮಗಳು ಇಬ್ಬರಿಗೂ ಈ ವಿದ್ಯೆ ಹತ್ತಲಿಲ್ಲ.

ರೋಸ್ಮರಿ ಬಂದದ್ದು ಆ ಮನೆಗೇ. ಯುದ್ಧದಲ್ಲಿ ಮಡಿದವರನ್ನು ನೆನೆಯಲು ಏಪ್ರಿಲ್ ತಿಂಗಳಲ್ಲಿ ಇಲ್ಲಿ ಎಲ್ಲರೂ ಎದೆಗೆ ರೋಸ್ಮರಿ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ಮಗಳು ಸ್ಕೂಲಿನಿಂದ ಯೂನಿಫಾರ್ಮಿಗೆ ಪಿನ್ ಮಾಡಿಕೊಂಡು ಬಂದಳು. ಅತ್ತೆ ಅದನ್ನು ಮೂಸಿ, ಕರ್ಪೂರವೋ ನೀಲಗಿರಿ ಎಣ್ಣೆಯೋ ಎಂದು ಮೂಗು ಮುರಿದು, ಸತ್ತವರ ಹೆಸರಿನ ಸೊಪ್ಪು ಒಳಗೆ ಬೇಡ ಎಂದುಬಿಟ್ಟರು. ಮಗಳು ಬಾಲ್ಕನಿಗೆ ಹೋಗಿ ಅತ್ತೆಯ ತುಳಸಿಯ ಪಕ್ಕದಲ್ಲಿದ್ದ ಖಾಲಿ ಕುಂಡದಲ್ಲಿ ಅದನ್ನು ಚುಚ್ಚಿಟ್ಟಳು. ಅದು ಚಿಗುರಿತು. ತುಳಸಿಯೂ ಚೆನ್ನಾಗಿಯೇ ಇತ್ತು. ಸಿಡ್ನಿಯ ಚಳಿಗಾಲದಲ್ಲಿ ಸ್ವಲ್ಪ ಸೊರಗಿ ಮತ್ತೆ ಎದ್ದುಕೊಳ್ಳುತ್ತಿತ್ತು.

ಆಮೇಲೆ ನನಗೆ ಪ್ರಮೋಷನ್ ಬಂತು, ಮೆಲ್ಬರ್ನ್ ಆಫೀಸಿಗೆ. ಗೆಳೆಯರೆಲ್ಲ ಸಿಡ್ನಿಯ ಹೊಸ ಬಡಾವಣೆಗಳಲ್ಲಿ, ಸ್ಕೋಫೀಲ್ಡ್ಸ್, ರೌಸ್ ಹಿಲ್ ಎಂದು ಮನೆ ಕಟ್ಟಿಸಿಕೊಂಡು ಮಾರ್ಟ್‌ಗೇಜ್ ಸಾಲದ ಮಾತಾಡುತ್ತಿದ್ದ ಹೊತ್ತಿನಲ್ಲಿ ನಾವು ಗಂಟುಮೂಟೆ ಕಟ್ಟಿದೆವು. ತುಳಸಿ, ರೋಸ್ಮರಿ ಎರಡೂ ಕಾರಿನ ಹಿಂದಿನ ಸೀಟಿನಲ್ಲಿ ಮಗಳ ಕಾಲ ಬಳಿ ಕೂತು ಬಂದವು. ಅತ್ತೆ ದಾರಿಯುದ್ದಕ್ಕೂ ತುಳಸಿಗೆ ಕೈ ಅಡ್ಡ ಹಿಡಿದು ಕೂತಿದ್ದರು.

ಟಾರ್ನೀಟ್‌ನ ಮೊದಲ ಚಳಿಗಾಲಕ್ಕೇ ಆ ತುಳಸಿ ಹೋಯಿತು. ಊರಿನ ಅಭ್ಯಾಸದಂತೆ ನಾನು ಅದನ್ನು ಮನೆಯ ದಕ್ಷಿಣದ ಗೋಡೆಯ ಬಳಿ ಇಟ್ಟಿದ್ದೆ. ನಮ್ಮಲ್ಲಿ ಚಳಿಗಾಲದ ಬಿಸಿಲು ಬೀಳುವುದೇ ಆ ಕಡೆ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನೆ, ದಕ್ಷಿಣದ ಗೋಡೆಗೆ ಇಡೀ ದಿನ ನೆರಳು. ಗಿರಾವೀನ್‌ನ ಬಾಲ್ಕನಿಗೆ ಇದ್ದದ್ದೇ ಒಂದು ದಿಕ್ಕು, ಅದನ್ನೆಲ್ಲ ಯೋಚಿಸುವ ಪ್ರಮೇಯ ಬಂದಿರಲಿಲ್ಲ. ಮರುವರ್ಷ ಇನ್ನೊಂದು ತುಳಸಿ ತಂದು, ಈ ಸಲ ಕಷ್ಟವೇ ಬೇಡವೆಂದು ಹಾಲ್‌ನಲ್ಲಿ ಹೀಟರ್ ಹತ್ತಿರ ಇಟ್ಟೆ. ಅದು ಹಪ್ಪಳದಂತೆ ಒಣಗಿತು. ಮೂರನೆಯ ವರ್ಷ ತಂದದ್ದನ್ನು ಗ್ಯಾರೇಜಿನಲ್ಲಿ ಲೈಟ್ ಹಾಕಿ ಇಟ್ಟೆ. ಆ ಮೇ ತಿಂಗಳು ಮುಗಿಯುವಷ್ಟರಲ್ಲಿ ಅದೂ ಬೋಳಾಯಿತು.

ಅವತ್ತು ಊಟಕ್ಕೆ ಕೂತಾಗ ಅತ್ತೆ ಸಮಾಧಾನವಾಗಿಯೇ ಹೇಳಿದರು.

“ತುಳಸಿ ನಿಲ್ದಿರೋ ಮನೇಲಿ ನಾನ್ಯಾಕೆ ನಿಲ್ಲಲಿ? ನಂಜನಗೂಡಿಗೆ ಟಿಕೆಟ್ ಬುಕ್ ಮಾಡಪ್ಪ, ಮಗಳ ಮನೇಲಿ ಇರ್ತೀನಿ.”

ಇವರು ತಟ್ಟೆಯಿಂದ ತಲೆಯೆತ್ತದೆ, ಚಳಿಗಾಲ ಕಳೆಯಲಿ ನೋಡೋಣ ಎಂದರು. ಮಗಳು ಇಂಗ್ಲಿಷಿನಲ್ಲಿ ಅಜ್ಜಿಗೆ ಏನೋ ಹೇಳಿ ಎದ್ದು ಹೋದಳು. ಅತ್ತೆ ಹೋಗುತ್ತಾರೆಂದರೆ ಸೊಸೆಗೆ ಒಳಗೊಳಗೇ ಖುಷಿ ಎಂದು ಲೋಕ ತಿಳಿಯುತ್ತದೆ. ನನಗೆ ಅವರು ಬೇಕಿತ್ತು. ಮಗಳನ್ನು ನೋಡಿಕೊಳ್ಳಲಿ, ಅಡುಗೆ ಮಾಡಲಿ ಎಂದಲ್ಲ. ಚಳಿಗಾಲದಲ್ಲಿ ಕತ್ತಲಾದ ಮೇಲೆ ಟ್ರೈನ್ ಇಳಿದು ಬಂದಾಗ, ಇವತ್ತು ಆಫೀಸಿನಲ್ಲಿ ಅವಳು ಹೀಗಂದಳು, ಏನು ಅರ್ಥ ಇರಬಹುದು ಅತ್ತೆ ಎಂದು ಕೇಳಿದರೆ ಒಗ್ಗರಣೆ ಸೌಟು ಹಿಡಿದುಕೊಂಡೇ ಯೋಚಿಸಿ ಉತ್ತರ ಕೊಡುವವರು ನನಗೆ ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಅದಕ್ಕೇ ಕಿಟಕಿಯಾಚೆ ತೋರಿಸಿ, ರೋಸ್ಮರಿ ಇಲ್ಲಿ ಎರಡು ಚಳಿಗಾಲ ತಡೆದು ನಿಂತಿದೆಯಲ್ಲ, ಈ ಮನೆಯಲ್ಲಿ ಹಸಿರು ನಿಲ್ಲುವುದಿಲ್ಲ ಎಂದರೆ ಹೇಗೆ ಎಂದೆ. ಅತ್ತೆ ಎದ್ದು ಕಿಟಕಿಯ ಬಳಿ ಹೋಗಿ ನೋಡಿದರು. ಸರಿ, ಈ ಚಳಿಗಾಲ ಅದೊಂದು ಉಳಿದರೆ ಟಿಕೆಟ್ ಮಾತೆತ್ತುವುದಿಲ್ಲ ಎಂದರು.

ಈಗ ತಟ್ಟೆಯಲ್ಲಿ ನೀರು.

ಮುಂದಿನ ದಿನಗಳಲ್ಲಿ ಗಿಡದ ಬುಡದ ಎಲೆಗಳು ಕಂದಾಗಿ ಉದುರತೊಡಗಿದವು. ಅದರ ಮೇಲೆ ಇನ್ನೊಂದು ಪತ್ತೆ: ಯಾರೋ ಕುಡಿಗಳನ್ನು ಚಿವುಟುತ್ತಿದ್ದರು. ಕತ್ತರಿಯಲ್ಲ, ಹಕ್ಕಿಯ ಕೊಕ್ಕೂ ಅಲ್ಲ, ಉಗುರು. ನಾನು ಕುಡಿಗಳನ್ನು ಗುರುತಿಟ್ಟುಕೊಂಡು ಸಂಜೆ ಟಾರ್ಚ್ ಹಿಡಿದು ನೋಡತೊಡಗಿದೆ. ವಿಚಿತ್ರವೆಂದರೆ ಮಂಗಳವಾರ, ಶುಕ್ರವಾರ ಕುಡಿ ಕಾಣೆಯಾಗುತ್ತಿರಲಿಲ್ಲ. ಇವರನ್ನು ಕೇಳಿದೆ. ತಮಗೆ ತಾವೇ ನೀರು ಬಗ್ಗಿಸಿಕೊಂಡು ಕುಡಿಯದವರು ಗಿಡಕ್ಕೆ ಹಾಕುತ್ತಾರೆಯೇ? ಅವರನ್ನು ಬಿಟ್ಟೆ. ರಾತ್ರಿ ಹೊತ್ತು ಚಿಗುರು ಮೇಯಲು ಬರುವ ಪಾಸಮ್ ಎಂಬ ಪ್ರಾಣಿ ಇರಬಹುದು ಎಂದಳು ಮಗಳು. ಪಾಸಮ್‌ಗೆ ವಾರದ ದಿನಗಳು ಗೊತ್ತಿರುವುದಿಲ್ಲ.

ಉಳಿದದ್ದು ಪಕ್ಕದ ಮನೆ. ಬೇಲಿಯಾಚೆ ಇದ್ದವರು ಇಟಲಿ ಮೂಲದ ವಯಸ್ಸಾದ ಹೆಂಗಸು. ಬೆಳಗಾದರೆ ಕೈಯಲ್ಲಿ ಹೋಸ್ ಪೈಪು, ಬಾಯಲ್ಲಿ ಹಾಡು. ಅವರು ಮಾಂಸ ಬೇಯಿಸುವ ದಿನ ಬೇಲಿ ದಾಟಿ ಬರುವ ವಾಸನೆಯಲ್ಲಿ ರೋಸ್ಮರಿ ಇರುತ್ತದೆ, ಅದನ್ನು ನಾನು ಮೂಸಿಯೇ ಖಾತ್ರಿ ಮಾಡಿಕೊಂಡಿದ್ದೆ. ಮಂಗಳವಾರ ಶುಕ್ರವಾರ ಅವರ ಕಾರು ಮನೆ ಮುಂದೆ ಇರುವುದಿಲ್ಲ. ಇನ್ನೇನು ಬೇಕು? ಅವರ ಮನೆಯಲ್ಲೇ ರೋಸ್ಮರಿ ಪೊದೆ ಆಳೆತ್ತರ ಬೆಳೆದಿತ್ತಲ್ಲ ಎಂದರೆ, ತನ್ನದನ್ನು ಉಳಿಸಿ ಪಕ್ಕದವರದನ್ನು ಚಿವುಟುವ ಜನವನ್ನು ನಾನು ನೋಡಿಲ್ಲವೇ?

ಒಮ್ಮೆ ಆಕೆ ಬೇಲಿಯ ಮೇಲಿಂದ ಇಣುಕಿ, ನಿನ್ನ ಗಿಡದ ಬೇರು ಕೊಳೆಯುತ್ತಿದೆ, ನೀರು ಕಡಿಮೆ ಮಾಡು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಂತಾಯಿತು. ನಾನು ಹಲ್ಲು ಕಾಣುವಂತೆ ನಕ್ಕು ಥ್ಯಾಂಕ್ಸ್ ಹೇಳಿದೆ.

ರಾತ್ರಿ ಎಲ್ಲವನ್ನೂ ಅತ್ತೆಯ ಮುಂದಿಟ್ಟೆ. ಅವರು ಲೋಟ ಒರೆಸುತ್ತಾ ಕೇಳಿಸಿಕೊಂಡು, ಇರಬಹುದು, ಆ ಹೆಂಗಸಿನ ಕಣ್ಣೇ ಸರಿಯಿಲ್ಲ ಎಂದರು. ಮರುದಿನ ಗಿಡಕ್ಕೆ ದೃಷ್ಟಿಯನ್ನೂ ತೆಗೆದರು. ಸದಾ ನನ್ನ ಅನುಮಾನಕ್ಕೆ ಎದುರು ಅನುಮಾನ ಹೂಡುವ ಅತ್ತೆ ಈ ಸಲ ಮರುಮಾತಿಲ್ಲದೆ ಒಪ್ಪಿದ್ದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ಭಾನುವಾರ ಕುಂಡವನ್ನು ಬೇಲಿಯ ಬಳಿಯಿಂದ ಎತ್ತಿ ಮುಂಬಾಗಿಲಿಗೆ ತಂದೆ. ಬಿಸಿಲು ಬೀಳಲಿ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಕರೆಗಂಟೆಯ ಕ್ಯಾಮೆರಾ. ಬಾಗಿಲ ಮುಂದೆ ಯಾರು ಬಂದರೂ ಅದು ನನ್ನ ಫೋನಿಗೆ ತೋರಿಸುತ್ತದೆ, ಮಾತೂ ಕೇಳಿಸುತ್ತದೆ. ಆ ಹೆಂಗಸು ಹೋಸ್ ಪೈಪು ಎಳೆದುಕೊಂಡು ಬರಲಿ, ಗಂಡನಿಗೂ ಮಗಳಿಗೂ ಸಾಕ್ಷಿ ಸಮೇತ ತೋರಿಸುತ್ತೇನೆ ಎಂದುಕೊಂಡೆ.

ಸೋಮವಾರ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ನಡೆಯುತ್ತಿದ್ದಾಗ ಫೋನ್ ಟಿಂಗ್ ಎಂದಿತು. ಮೇಜಿನ ಕೆಳಗೆ ಹಿಡಿದು ನೋಡಿದೆ.

ಅತ್ತೆ. ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡಿದ್ದರು. ಸೀರೆಯ ಮೇಲೆ ಮಗನ ದಪ್ಪ ಜಾಕೆಟ್, ಮಂಡಿಯವರೆಗೂ ಇಳಿದಿತ್ತು. ಹಿಮ ಇನ್ನೂ ಕರಗದ ಕಾಂಕ್ರೀಟಿನ ಮೇಲೆ ಬರಿಗಾಲು. ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಚೊಂಬು ನೀರನ್ನು ನಿಧಾನವಾಗಿ ರೋಸ್ಮರಿಯ ಬುಡಕ್ಕೆ ಎರೆದರು. ಕುಂಡಕ್ಕೆ ಕುಂಕುಮ ಇಟ್ಟರು. ತುಟಿ ಅಲ್ಲಾಡಿಸುತ್ತಾ ಸುತ್ತು ಬಂದರು, ಬಾಯಿಂದ ಹಬೆ ಏಳುತ್ತಿತ್ತು. ಆಮೇಲೆ ರಸ್ತೆಯ ಆಚೆ ಈಚೆ ನೋಡಿ, ಒಂದು ಕುಡಿಯನ್ನು ಉಗುರಿನಿಂದ ಚಿವುಟಿ ಕಣ್ಣಿಗೊತ್ತಿಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಹೋಗುವ ಮುನ್ನ ಸೆರಗಿನ ತುದಿಯಿಂದ ಕುಂಡದ ಮೇಲಿನ ಕುಂಕುಮವನ್ನು ಒರೆಸಿದರು.

ಮಂಗಳವಾರ, ಶುಕ್ರವಾರ! ತುಳಸಿ ಕೀಳಬಾರದ ದಿನಗಳು. ಮೈಸೂರಿನಲ್ಲಿ ಹುಟ್ಟಿ, ನಮ್ಮಜ್ಜಿಯ ಕೈಯಲ್ಲಿ ಇದಕ್ಕೇ ಏಟು ತಿಂದು ಬೆಳೆದ ನಾನು ಇಟಲಿಯವರ ಕಾರನ್ನು ಕಾಯುತ್ತಾ ಕೂತಿದ್ದೆ.

ಮೊದಲು ನಗು ಬಂತು, ತಡೆದುಕೊಳ್ಳಲಾಗದೆ ಮೀಟಿಂಗ್‌ನಿಂದ ಎದ್ದು ಹೊರಗೆ ಹೋದೆ. ಆಮೇಲೆ ಸಿಟ್ಟು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ನಾನು ಒಣಗಿಸಿದಷ್ಟೂ ಅವರು ಎರೆಯುತ್ತಿದ್ದರು. ಕುಂಡವನ್ನು ನಾನೇ ಅವರ ಕಾಲ ಬಳಿಗೆ ತಂದಿಟ್ಟಿದ್ದೆ. ಅವರನ್ನು ಇಲ್ಲಿ ಉಳಿಸಬೇಕಾದ ಗಿಡವನ್ನು ಅವರೇ ಕೊಲ್ಲುತ್ತಿದ್ದರು. ಲಿಫ್ಟಿನ ಪಕ್ಕ ನಿಂತು ಆ ತುಣುಕನ್ನು ಮತ್ತೆ ಮತ್ತೆ ನೋಡುವಾಗ ನಗುವೂ ಸಿಟ್ಟೂ ಇಳಿದು ಒಂದು ಪ್ರಶ್ನೆ ಉಳಿಯಿತು. ಕುಂಕುಮ ಒರೆಸಿದ್ದು ಯಾಕೆ? ಎಲ್ಲವನ್ನೂ ನನಗೆ ಹೇಳುವವರು ಇದನ್ನು ಮುಚ್ಚಿಟ್ಟದ್ದು ಯಾಕೆ?

ಸಂಜೆ ಮನೆಗೆ ಬಂದಾಗ ಅತ್ತೆ ಒಬ್ಬರೇ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ಮಗಳನ್ನು ಇವರು ಈಜು ಕ್ಲಾಸಿಗೆ ಕರೆದೊಯ್ದಿದ್ದರು. ಕೋಟು ಬಿಚ್ಚದೆ ಹೋಗಿ ನಿಂತು, ನೀರು ಹಾಕುತ್ತಿರುವುದು ಪಕ್ಕದ ಮನೆಯವರಲ್ಲ ಎಂದೆ. ಲಟ್ಟಣಿಗೆ ನಿಂತಿತು. ಕ್ಯಾಮೆರಾದಲ್ಲಿ ನೋಡಿದೆ ಎಂದೆ. ಸ್ಟವ್ ಆರಿಸಿದರು.

“ಹಸಿರಾಗಿದೆ, ಘಮ ಇದೆ, ಇಂಥ ಚಳೀಲೂ ನಿಂತಿದೆ. ಇನ್ನೇನಿರುತ್ತೆ ತುಳಸೀಲಿ? ಈ ದೇಶಕ್ಕೆ ಇದೇ ತುಳಸಿ ಅಂದ್ಕೊಂಡೆ” ಎಂದರು.

“ಅದಲ್ಲ ಅತ್ತೆ. ನಂಗೆ ಯಾಕೆ ಹೇಳ್ಲಿಲ್ಲ?”

ಅವರು ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದರು. ನನ್ನ ಮುಖ ನೋಡಲಿಲ್ಲ.

“ಹೇಳಿದ್ರೆ ಇದನ್ನೂ ಸಾಯಿಸ್ತೀಯೇನೋ ಅಂತ.”

ನನಗೆ ಅರ್ಥವಾಗಲಿಲ್ಲ.

“ಮೂರು ತುಳಸೀನೂ ಎತ್ತಿಟ್ಟಿದ್ದು ನೀನೇ. ಒಂದನ್ನ ನೆರಳಿಗೆ, ಒಂದನ್ನ ಹೀಟರ್ ಪಕ್ಕ, ಒಂದನ್ನ ಗ್ಯಾರೇಜಿಗೆ. ಇಷ್ಟು ಓದಿದೋಳು, ಗೊತ್ತಿಲ್ದೆ ಮಾಡ್ತಾಳಾ ಅನ್ನಿಸ್ತು. ನಾನು ಹೋಗ್ಲಿ ಅಂತ ಬಾಯ್ಬಿಟ್ಟು ಹೇಳಕ್ಕಾಗ್ದೆ, ಗಿಡದ ಕೈಲಿ ಹೇಳಿಸ್ತಿದ್ದೀಯ ಅಂದ್ಕೊಂಡೆ ಕಣೆ.”

ಹಾಲಿನವನಿಂದ ಹಿಡಿದು ಇಟಲಿಯವರವರೆಗೆ ಜಗತ್ತನ್ನೆಲ್ಲ ಅನುಮಾನಿಸಿದ ನನಗೆ, ನನ್ನ ಮೇಲೂ ಒಬ್ಬರು ಕಣ್ಣಿಟ್ಟಿರಬಹುದು ಎಂದು ಒಮ್ಮೆಯೂ ತೋಚಿರಲಿಲ್ಲ. ದಿನಾ ರಾತ್ರಿ ನನ್ನ ಪಕ್ಕ ನಿಂತು ಲೋಟ ಒರೆಸುತ್ತಾ ಊರವರ ಉದ್ದೇಶ ತೂಗಿದವರು ಮಲಗಲು ಹೋಗಿ ನನ್ನ ಉದ್ದೇಶ ತೂಗುತ್ತಿದ್ದರು. ಬಹಳ ನೋವಾಯಿತು. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಲೆಕ್ಕ ಹಾಕುತ್ತಿದ್ದೆ ಎಂಬುದು ಅದಕ್ಕಿಂತ ನೋವು ಕೊಟ್ಟಿತು. ಅಳು ಬಂತು, ಅತ್ತುಬಿಟ್ಟೆ.

“ನೀವು ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ನಿಮ್ಮನ್ನ ಉಳಿಸ್ಕೊಳಕ್ಕೇ ಅಲ್ವಾ ಆ ಗಿಡ ಕಾಯ್ತಿದ್ದದ್ದು?”

ಅತ್ತೆ ಹತ್ತಿರ ಬಂದು ಹಿಟ್ಟಿನ ಕೈಯಲ್ಲೇ ನನ್ನ ಕೋಟಿನ ಗುಂಡಿ ಬಿಚ್ಚತೊಡಗಿದರು, ಮಗಳಿಗೆ ಬಿಚ್ಚಿದಂತೆ. ನಾನೂ ಇಲ್ಲಿ ಇರಬೇಕೆಂದೇ ಅದಕ್ಕೆ ದಿನಾ ನೀರೆರೆದು ಬೇಡಿಕೊಳ್ಳುತ್ತಿದ್ದೆ ಎಂದು, ಗುಂಡಿಗೆ ಹೇಳುವ ಹಾಗೆ ಹೇಳಿದರು. ಆಗ ನಾನು ಆ ನೀರೇ ಗಿಡವನ್ನು ಕೊಲ್ಲುತ್ತಿದೆ ಎನ್ನಬೇಕಾಯಿತು. ಅವರ ಮುಖ ನೋಡಲಾಗಲಿಲ್ಲ.

ಶನಿವಾರ ಕುಂಡವನ್ನು ಮಗುಚಿದೆವು. ಬೇರು ಕಪ್ಪಾಗಿ, ಮುಟ್ಟಿದರೆ ಕಳಚಿ ಬರುತ್ತಿತ್ತು, ಚರಂಡಿಯ ವಾಸನೆ. ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ನೋಡಿ, ಒಂದು ಬಕೆಟ್ ದಪ್ಪ ಮರಳು ತಂದುಕೊಟ್ಟು, ತುದಿಯಲ್ಲಿ ಇನ್ನೂ ಹಸಿರಿದ್ದ ಕಡ್ಡಿಗಳನ್ನು ಕತ್ತರಿಸಿ ಅದರಲ್ಲಿ ಊರಲು ಹೇಳಿದರು. ಯಾಕೆ ಅಷ್ಟು ಒಳ್ಳೆಯವರಾದರು ಎಂದು ಈಗಲೂ ಆಗಾಗ ಯೋಚಿಸುತ್ತೇನೆ. ಕಡ್ಡಿಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆವು. ತಾಯಿಗಿಡ ಹೋಯಿತು. ಕಡ್ಡಿಗಳೂ ಒಂದೊಂದಾಗಿ ಕಪ್ಪಾದವು. ಅತ್ತೆ ದಿನಾ ಹೋಗಿ ಬೇರು ಬಿಟ್ಟಿದೆಯೋ ಎಂದು ಮೆಲ್ಲಗೆ ಎಳೆದು ನೋಡುತ್ತಿದ್ದರು, ನಾನು ಬೈಯುತ್ತಿದ್ದೆ. ಆಗಸ್ಟ್ ಕೊನೆಯಲ್ಲಿ ಇವರು, ಟಿಕೆಟ್ ವಿಷಯ ಏನು ಮಾಡೋಣ ಎಂದು ಕೇಳಿದರು. ಅತ್ತೆ ಕಿಟಕಿಯಲ್ಲಿ ಉಳಿದಿದ್ದ ಒಂದೇ ಕಡ್ಡಿಯನ್ನು ನೋಡಿ, ಅದು ತೀರ್ಮಾನ ಮಾಡಲಿ ಎಂದರು. ನಾನು ಆ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಅದು ಬೇರು ಬಿಟ್ಟಿತು. ಅತ್ತೆ ಎಳೆದರು, ಬರಲಿಲ್ಲ. ಇನ್ನೊಮ್ಮೆ ಎಳೆಯಲು ಹೋದವರ ಕೈ ಹಿಡಿದುಕೊಂಡೆ.

ಈಗ ಅದು ಮುಂಬಾಗಿಲಲ್ಲಿ, ಮರಳು ಬೆರೆಸಿದ ಮಣ್ಣಿನಲ್ಲಿ, ಕೆಳಗೆ ತಟ್ಟೆಯಿಲ್ಲದ ಕುಂಡದಲ್ಲಿದೆ. ಪೂಜೆ ಬಿಡಿ ಎಂದು ನಾನು ಹೇಳಲಿಲ್ಲ, ನೀರು ಹಾಕಬೇಡಿ ಎಂದು ಹೇಳಲು ಬಾಯಿ ಬರಲಿಲ್ಲ. ದಾರಿ ಕಂಡುಕೊಂಡವರು ಅವರೇ. ಚೊಂಬನ್ನು ಒಳಗಿಟ್ಟು ದೇವರ ಮನೆಯ ಪಂಚಪಾತ್ರೆ ಉದ್ಧರಣೆ ತಂದರು. ತೀರ್ಥ ಕೊಡುವ ಆ ಪುಟ್ಟ ಚಮಚದಲ್ಲಿ ಹಿಡಿಯುವುದೇ ಒಂದು ಗುಟುಕು. ದಿನಕ್ಕೆ ಒಂದು ಉದ್ಧರಣೆ ಎಂದು ಒಪ್ಪಂದವಾಯಿತು. ಅವರು ಒಪ್ಪಂದಕ್ಕೆ ನಿಲ್ಲುತ್ತಾರೆಂದು ನಾನೇನೂ ನಂಬಲಿಲ್ಲ.

ಮೊನ್ನೆ ಆಫೀಸಿನಲ್ಲಿದ್ದಾಗ ಫೋನ್ ಟಿಂಗ್ ಎಂದಿತು. ಅತ್ತೆ, ಮಗನ ಜಾಕೆಟ್, ಈ ಸಲ ಕಾಲಿಗೆ ಸಾಕ್ಸ್. ಒಂದು ಉದ್ಧರಣೆ ಬುಡಕ್ಕೆ ಬಿಟ್ಟರು. ಕುಂಕುಮ ಇಟ್ಟರು, ಒರೆಸಲಿಲ್ಲ. ಸುತ್ತು ಬಂದು ಕೈ ಮುಗಿದರು. ಆಮೇಲೆ ಕೈ ಮೆಲ್ಲಗೆ ಮತ್ತೆ ಪಂಚಪಾತ್ರೆಗೆ ಹೋಯಿತು, ಉದ್ಧರಣೆ ತುಂಬಿ ಮೇಲೆದ್ದಿತು. ಅಲ್ಲಿಗೆ ನಿಂತು, ತಲೆಯೆತ್ತಿ ನೇರ ಕ್ಯಾಮೆರಾದೊಳಕ್ಕೆ ನೋಡಿದರು. ನೀರನ್ನು ಪಾತ್ರೆಗೇ ಬಗ್ಗಿಸಿ ಬಾಗಿಲ ಹತ್ತಿರ ಬಂದರು.

“ಒಂದೇ ಹಾಕಿದ್ದೀನಿ, ನೋಡ್ಕೋ” ಎಂದರು. “ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ ಬಾ. ಕಟ್ಟು ಬಿಚ್ಚಿ ನೋಡಿ ತಗೋ.”